ನಾಲ್ಕು ಕಾರ್ಡ್ ಸಾಕು ಎಂಬ ಸುಳ್ಳು

ಯುಕುಲೇಲೆ ಕಲಿಸುವವರಲ್ಲಿ ಒಂದು ಮಾತು ಬೇರುಬಿಟ್ಟಿದೆ. ಸಿ, ಎ ಮೈನರ್, ಎಫ್, ಜಿ ಎಂಬ ನಾಲ್ಕು ಕಾರ್ಡ್ ಬಂದರೆ ಸಾಕು, ನೂರಾರು ಹಾಡು ನುಡಿಸಬಹುದು. ಈ ಪುಟ್ಟ ವಾದ್ಯಕ್ಕೆ ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿಲ್ಲ. ಯಾವುದಾದರೂ ಮಗು ಸ್ಕೇಲ್ ಕಲಿಸಿ ಎಂದು ಕೇಳಿದರೆ ಸಿ ಮೇಜರ್ ಒಂದನ್ನು ಹೇಳಿಕೊಟ್ಟು ಮುಗಿಸುತ್ತಾರೆ. ಹಾರ್ಮೋನಿಕ್ ಮೈನರ್ ಎಂದರಂತೂ, ಅದು ಅಡ್ವಾನ್ಸ್ಡ್, ಅದೆಲ್ಲ ಗಿಟಾರಿನವರಿಗೆ, ಪಿಯಾನೋದವರಿಗೆ, ಈಗಲೇ ಬೇಡ ಎಂಬ ಉತ್ತರ ಬಾಯಿಯಲ್ಲೇ ಇರುತ್ತದೆ. ಇನ್ನೂ ಒತ್ತಾಯಿಸಿದರೆ, ಮೇಲಿನ ಜಿ ತಂತಿ ತೆಗೆದು ದಪ್ಪ ತಂತಿ ಹಾಕಿಸಿಕೊಂಡು ಬಾ, ಆಮೇಲೆ ನೋಡೋಣ ಎನ್ನುತ್ತಾರೆ.

ಹೀಗೆ ಹೇಳುವವರಿಗೆ ಮಕ್ಕಳ ಮೇಲೆ ಕಾಳಜಿ ಇದೆ. ಕಲಿಯಲು ಬಂದವರು ಬೇಸತ್ತು ಬಿಟ್ಟುಹೋಗದಿರಲಿ ಎಂಬ ಆತಂಕವೂ ನಿಜವಾದದ್ದೇ. ಆದರೆ ಕಾಳಜಿಯಿಂದ ಹೇಳಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ನನ್ನ ವಾದ ಇಷ್ಟು: ಯುಕುಲೇಲೆ ಹಿಡಿದ ಮಗುವಿಗೆ ಹಾರ್ಮೋನಿಕ್ ಮೈನರ್ ಅನ್ನು ಮೊದಲ ಕೆಲವು ತಿಂಗಳಲ್ಲೇ ಕಲಿಸಬೇಕು. ಏಕೆಂದರೆ ಆ ಮಗು ಅದನ್ನು ಆಗಲೇ ನುಡಿಸುತ್ತಿರುತ್ತದೆ. ತಾನು ನುಡಿಸುತ್ತಿರುವುದು ಏನು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ವಾದ್ಯ ಕೈಗೆತ್ತಿಕೊಂಡು ನೋಡಿ. ಎದೆಗೆ ಒರಗಿಸಿ ಹಿಡಿದಾಗ ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ ಎಂದು ನಾಲ್ಕು ತಂತಿಗಳು. ಜಿ ತಂತಿಯ 2ನೇ ಫ್ರೆಟ್ ಒತ್ತಿ ಉಳಿದ ಮೂರನ್ನು ಬಿಟ್ಟು ಮೀಟಿದರೆ ಎ ಮೈನರ್. ಬಹುತೇಕ ತರಗತಿಗಳಲ್ಲಿ ಮೊದಲ ವಾರದ ಪಾಠ ಇದು. ಒಂದು ಬೆರಳು ಸಾಕಾಗುವ ಕಾರ್ಡ್ ಆದ್ದರಿಂದ ಎಲ್ಲರಿಗೂ ಪ್ರೀತಿ. ಇದರಲ್ಲಿರುವ ಸ್ವರಗಳು ಎ, ಸಿ, ಇ. ಸ್ವಲ್ಪ ದಿನಕ್ಕೆ ಡಿ ಮೈನರ್ ಬರುತ್ತದೆ: ಜಿ ಮತ್ತು ಸಿ ತಂತಿಗಳ 2ನೇ ಫ್ರೆಟ್, ಇ ತಂತಿಯ 1ನೇ ಫ್ರೆಟ್. ಸ್ವರಗಳು ಡಿ, ಎಫ್, ಎ. ಆಮೇಲೆ ಇ ಸೆವೆನ್. ಇ ಮೇಜರ್ ಹಿಡಿಯುವುದು ಈ ವಾದ್ಯದಲ್ಲಿ ಬೆರಳಿಗೆ ಕಷ್ಟ, ಹಾಗಾಗಿ ಎಲ್ಲ ಮೇಷ್ಟರೂ ಅದರ ಬದಲು ಇ ಸೆವೆನ್ ಕೊಡುತ್ತಾರೆ: ಜಿ ತಂತಿಯ 1ನೇ ಫ್ರೆಟ್, ಸಿ ತಂತಿಯ 2ನೇದು, ಎ ತಂತಿಯ 2ನೇದು. ಸ್ವರಗಳು ಇ, ಜಿ ಶಾರ್ಪ್, ಬಿ, ಡಿ. ಈಗ ಮೂರೂ ಕಾರ್ಡ್‌ಗಳ ಸ್ವರಗಳನ್ನು ಒಟ್ಟು ಮಾಡಿ, ಎ ಇಂದ ಸಾಲಾಗಿ ಜೋಡಿಸಿ: ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎ ಹಾರ್ಮೋನಿಕ್ ಮೈನರ್ ಎಂದರೆ ಇದೇ ಏಳು ಸ್ವರ.

ಅಂದರೆ ನಮ್ಮ ತರಗತಿಗಳು ಒಂದು ಸ್ಕೇಲನ್ನು ಮೂರು ತುಂಡು ಮಾಡಿ ಮಗುವಿನ ಕೈಗೆ ಕೊಟ್ಟಿವೆ. ತುಂಡುಗಳನ್ನು ಜೋಡಿಸಿ ತೋರಿಸುವ ಹೊತ್ತಿಗೆ, ಇದು ನಿನಗೆ ಈಗ ಬೇಡ ಎನ್ನುತ್ತಿವೆ. ಹಾಗೆನ್ನುವುದಕ್ಕೆ ಯಾವ ಸಂಗೀತಶಾಸ್ತ್ರವೂ ಆಧಾರ ಕೊಡುವುದಿಲ್ಲ.

ಆ ಜಿ ಶಾರ್ಪ್ ಏಕೆ ಬಂತು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ತೋರಿಸಬಲ್ಲ ವಾದ್ಯ ಯುಕುಲೇಲೆಯಂತೆ ಇನ್ನೊಂದನ್ನು ನಾನು ಕಂಡಿಲ್ಲ. ಎ ಮೈನರ್ ಹಿಡಿಯಿರಿ, ಇ ಸೆವೆನ್‌ಗೆ ಹೋಗಿ, ಮತ್ತೆ ಎ ಮೈನರ್‌ಗೆ ಬನ್ನಿ. ಈ ಸಲ ಕೈ ಪೂರ್ತಿ ಬಾರಿಸದೆ ಜಿ ತಂತಿಯೊಂದನ್ನೇ ಮೀಟಿ. 2ನೇ ಫ್ರೆಟ್, 1ನೇ ಫ್ರೆಟ್, ಮತ್ತೆ 2ನೇ ಫ್ರೆಟ್. ಎ, ಜಿ ಶಾರ್ಪ್, ಎ. ನಮ್ಮ ಭಾಷೆಯಲ್ಲಿ ಹೇಳಿದರೆ ಸ, ನಿ, ಸ. ಕಾಕಲಿ ನಿಷಾದದ ಮೇಲೆ ನಿಂತ ಕಿವಿಗೆ ಷಡ್ಜ ಸಿಗುವವರೆಗೆ ಸಮಾಧಾನವಿಲ್ಲ. ಇನ್ನುಳಿದ ತಂತಿಗಳನ್ನೂ ಒಂದೊಂದಾಗಿ ಕೇಳಿ. ಸಿ ತಂತಿಯ ಮೇಲೆ ಡಿ ಇಳಿದು ಸಿ ಆಗುತ್ತದೆ. ಎ ತಂತಿಯ ಮೇಲೆ ಬಿ ಇಳಿದು ಎ ಆಗುತ್ತದೆ. ಇ ತಂತಿ ಅಲುಗದೆ ಹಾಗೇ ನಿಂತಿರುತ್ತದೆ. ಎರಡು ದನಿ ಇಳಿಯುತ್ತವೆ, ಒಂದು ಏರುತ್ತದೆ, ಒಂದು ನಿಲ್ಲುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೇಳದ ಚಲನೆ ಎಂದು ದೊಡ್ಡ ಪುಸ್ತಕಗಳು ವಿವರಿಸುವ ವಿಷಯ ನಾಲ್ಕು ನೈಲಾನ್ ತಂತಿಗಳ ಮೇಲೆ ಬರಿಗಣ್ಣಿಗೆ ಕಾಣುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದನ್ನು ಮಾಡಿ ನೋಡಬೇಕು. ಇ ಸೆವೆನ್ ಬದಲು ಇ ಮೈನರ್ ನುಡಿಸಿ ಎ ಮೈನರ್‌ಗೆ ಬನ್ನಿ. ಇಲ್ಲಿ ಜಿ ಶಾರ್ಪ್ ಇಲ್ಲ, ಬರೀ ಜಿ ಇದೆ, ಕೈಶಿಕಿ ನಿಷಾದ. ಎರಡು ಕಾರ್ಡ್‌ಗಳೂ ಕಿವಿಗೆ ಹಿತವಾಗಿಯೇ ಇವೆ, ಆದರೆ ಮನೆಗೆ ಬಂದೆ ಎನಿಸುವುದಿಲ್ಲ. ಯೂರೋಪಿನ ಹಾಡುಗಾರರು ಸಾಲಿನ ಕೊನೆಯಲ್ಲಿ ಈ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಿ ಹಾಡುವ ರೂಢಿಯನ್ನು ಶತಮಾನಗಳ ಹಿಂದೆಯೇ ಬೆಳೆಸಿಕೊಂಡದ್ದು ಈ ಕೊರತೆ ತುಂಬಲು. ಸ್ಕೇಲ್ ಎಂಬ ಸಾಲು ಆಮೇಲೆ ಬಂತು. ಕಿವಿಯ ಬಯಕೆ ಮೊದಲು ಬಂತು. ಎಂಟು ವರ್ಷದ ಮಗುವೂ ಎರಡು ಸಲ ಕೇಳಿ ವ್ಯತ್ಯಾಸ ಗುರುತಿಸುತ್ತದೆ. ಗುರುತಿಸಿದ ಮೇಲೆ ಅದಕ್ಕೆ ಹೆಸರು ಹೇಳದೆ ಮುಚ್ಚಿಡುವುದು ಯಾವ ಬೋಧನೆ?

ಈ ಸ್ಕೇಲ್ ಕಿವಿಗೆ ಕಷ್ಟ ಎಂಬ ಆಕ್ಷೇಪ ಉಂಟು. ಎಫ್ ಇಂದ ಜಿ ಶಾರ್ಪ್‌ಗೆ ಮೂರು ಫ್ರೆಟ್‌ಗಳ ನೆಗೆತ. ಅದು ಅಸಹಜ, ಮಕ್ಕಳಿಗೆ ಹಿಡಿಯುವುದಿಲ್ಲ ಎನ್ನುತ್ತಾರೆ. ಕರ್ನಾಟಕದಲ್ಲಿ ನಿಂತು ಈ ಮಾತು ಆಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಮ್ಮಲ್ಲಿ ಸಂಗೀತ ಪಾಠ ಶುರುವಾಗುವುದು ಯಾವುದರಿಂದ? ಮಾಯಾಮಾಳವಗೌಳದಿಂದ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂದು ಪರಂಪರೆ ನಂಬಿಕೊಂಡು ಬಂದ ಸರಳೆ ವರಸೆ, ಜಂಟಿ ವರಸೆಗಳೆಲ್ಲ ಆ ರಾಗದಲ್ಲೇ ಇವೆ. ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಹಾರುವ ಆ ಅಂತರವನ್ನು, ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಹಾರುವ ಅದರ ಜೊತೆಗಾರನನ್ನು, ಆರು ವರ್ಷದ ಮಗು ಪಾಠದ ಮೊದಲ ದಿನ ಹಾಡುತ್ತದೆ. ಮೈಸೂರಿನ ಅಗ್ರಹಾರದಲ್ಲಿ, ಮಲ್ಲೇಶ್ವರದಲ್ಲಿ, ಜಯನಗರದಲ್ಲಿ ಸಂಜೆ ಹೊತ್ತು ನಡೆದುಹೋದರೆ ಯಾವುದೋ ಒಂದು ಮನೆಯಿಂದ ಆ ಪ ದ ನಿ ಸ ಕೇಳಿಬರುತ್ತದೆ. ಅದನ್ನು ಮೂರು ಕಾಲದಲ್ಲಿ ಹಾಡುವ ಮಗುವಿಗೆ ಅದೇ ಅಂತರ ಯುಕುಲೇಲೆಯ ಮೇಲೆ ಕಷ್ಟ ಎಂದು ಹೇಳುವುದು ಆ ಮಗುವಿನ ಕಿವಿಗೆ ಮಾಡುವ ಅವಮಾನ.

ಈ ಭಯ ಎಲ್ಲಿಂದ ಬಂತು ಎನ್ನುವುದೂ ಗುಟ್ಟಲ್ಲ. ಯೂರೋಪಿನ ಗಾಯನ ಪಾಠದಲ್ಲಿ ಆ ಅಂತರವನ್ನು ಹಾಡಲು ತೊಡಕೆಂದು ಎಣಿಸಿದರು. ಅದಕ್ಕಾಗಿಯೇ ಮೇಲೇರುವಾಗ ಆರನೆಯ ಸ್ವರವನ್ನೂ ಅರ್ಧ ಮೆಟ್ಟಿಲು ಎತ್ತಿ ಅಂತರ ಮುಚ್ಚಿದ ಮೆಲೋಡಿಕ್ ಮೈನರ್ ಬಳಕೆಗೆ ಬಂತು. ಅವರ ಕಿವಿ, ಅವರ ತೊಡಕು, ಅವರ ಪರಿಹಾರ. ಅಲ್ಲಿಗೆ ಅದು ಸರಿ. ಪಠ್ಯಪುಸ್ತಕದ ಜೊತೆ ಆ ತೊಡಕನ್ನೂ ಆಮದು ಮಾಡಿಕೊಂಡು ನಮ್ಮ ಮಕ್ಕಳ ತಲೆಗೆ ಕಟ್ಟಬೇಕಾದ ಅಗತ್ಯ ನಮಗಿಲ್ಲ.

ಬೆರಳಿನ ಮೇಲೆ ಇದು ಹೇಗೆ ಬೀಳುತ್ತದೆ ನೋಡಿ. ಎ ತಂತಿಯನ್ನು ಷಡ್ಜವಾಗಿಟ್ಟುಕೊಂಡು ಒಂದೇ ತಂತಿಯ ಮೇಲೆ ಮಾಯಾಮಾಳವಗೌಳ ಹುಡುಕಿದರೆ 0, 1, 4, 5, 7, 8, 11, 12 ಎಂಬ ಫ್ರೆಟ್‌ಗಳು ಸಿಗುತ್ತವೆ. ಹಳೆಯ ಪದ್ಧತಿಯ ಸೊಪ್ರಾನೋ ಯುಕುಲೇಲೆಗೆ ಇರುವುದೇ 12 ಫ್ರೆಟ್. ಒಂದು ಸ್ಥಾಯಿ ಸರಿಯಾಗಿ ಮುಗಿಯುತ್ತದೆ. ಈಗ ರಿಷಭವನ್ನು 1ರಿಂದ 2ಕ್ಕೆ ಏರಿಸಿ, ಗಾಂಧಾರವನ್ನು 4ರಿಂದ 3ಕ್ಕೆ ಇಳಿಸಿ. 0, 2, 3, 5, 7, 8, 11, 12. ಎರಡೇ ಸ್ವರ ಸರಿದವು, ಮೇಲರ್ಧ ಹಾಗೇ ಉಳಿಯಿತು, ಕೈಯಲ್ಲಿ ಹಾರ್ಮೋನಿಕ್ ಮೈನರ್ ಬಂತು. ಸ್ವರಸ್ಥಾನದ ಲೆಕ್ಕದಲ್ಲಿ ಇದು 21ನೇ ಮೇಳ ಕೀರವಾಣಿ. ಹಿಂದಿನ ಮನೆಯ 20ನೇ ಮೇಳ ನಟಭೈರವಿಯೇ ಪಾಶ್ಚಾತ್ಯರ ನ್ಯಾಚುರಲ್ ಮೈನರ್. 23ನೇ ಮೇಳ ಗೌರಿಮನೋಹರಿಯ ಸ್ವರಗಳೇ ಮೆಲೋಡಿಕ್ ಮೈನರಿನ ಆರೋಹಣ. ಮೂರೂ ವೇದ ಚಕ್ರದಲ್ಲೇ ಇವೆ. ಸರಳೆ ವರಸೆ ಕಲಿತ ಮಗುವಿಗೆ ಇದನ್ನು ಹೇಳಿಕೊಡಲು ಒಂದು ತರಗತಿ ಸಾಕು. ಪ ದ ನಿ ಸ ಹಾಡು ಎನ್ನಿ, ಹಾಡುತ್ತದೆ. ಹಾಡಿದ್ದನ್ನು ಎ ತಂತಿಯ ಮೇಲೆ ಹುಡುಕು ಎನ್ನಿ. ದ ಆದಮೇಲೆ ಅಭ್ಯಾಸಬಲದಿಂದ ಬೆರಳು 9ಕ್ಕೋ 10ಕ್ಕೋ ಹೋಗುತ್ತದೆ, ಕಿವಿ ಬೇಡ ಎನ್ನುತ್ತದೆ, ಬೆರಳು 11ಕ್ಕೆ ಹೋಗುತ್ತದೆ. ಮೇಷ್ಟರು ಬಾಯಿ ತೆರೆಯಬೇಕಾಗಿಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಅತಿರೇಕದ ಮಾತು ಕೇಳಿಬರುತ್ತದೆ: ಹಾಗಾದರೆ ಹಾರ್ಮೋನಿಕ್ ಮೈನರ್ ಬಂದರೆ ಕೀರವಾಣಿ ಬಂದಂತೆಯೇ. ಇದನ್ನೂ ಅಷ್ಟೇ ಖಂಡಿತವಾಗಿ ಅಲ್ಲಗಳೆಯಬೇಕು. ಕೀರವಾಣಿಗೆ ಗಮಕವಿದೆ, ಸಂಚಾರವಿದೆ, ಎಲ್ಲಿ ನಿಲ್ಲಬೇಕು ಎಲ್ಲಿ ಜಾರಬೇಕು ಎಂಬ ನಡೆ ಇದೆ. ತ್ಯಾಗರಾಜರ ‘ಕಲಿಗಿಯುಂಟೆ’ ಕೇಳಿದವರಿಗೆ ಬರೀ ಸ್ವರಗಳ ಪಟ್ಟಿಯಿಂದ ಆ ರಾಗ ಹುಟ್ಟುವುದಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಹಾರ್ಮೋನಿಕ್ ಮೈನರ್‌ನ ಬಾಳು ಕಾರ್ಡ್‌ಗಳಲ್ಲಿದೆ. ಅಲ್ಲಿ ಜಿ ಶಾರ್ಪ್ ತನ್ನ ಸುತ್ತಲಿನ ಇ, ಬಿ, ಡಿ ಜೊತೆ ಸೇರಿ ಅರ್ಥ ಪಡೆಯುತ್ತದೆ; ಇಲ್ಲಿ ನಿಷಾದ ತಂಬೂರಿಯ ಷಡ್ಜದ ಎದುರು ಅರ್ಥ ಪಡೆಯುತ್ತದೆ. ಸ್ವರಸ್ಥಾನ ಒಂದೇ ಆದದ್ದು ಒಳಗೆ ಬರಲು ಬಾಗಿಲಾಯಿತು. ಒಳಗಿನ ಎರಡು ಮನೆಗಳನ್ನು ಒಂದೇ ಎಂದು ತಿಳಿಯುವ ವಿದ್ಯಾರ್ಥಿ ಎರಡರಲ್ಲೂ ನೆಲೆ ಕಾಣುವುದಿಲ್ಲ. ಈ ಎಚ್ಚರ ಇಟ್ಟುಕೊಂಡು ಕಲಿಸುವ ಮೇಷ್ಟರು ನಮಗೆ ಬೇಕು.

ಮೇಲಿನ ಜಿ ತಂತಿಯ ದೂರಿಗೆ ಬರೋಣ. ಗಿಟಾರಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ತಂತಿಗಳು ತಗ್ಗಿನಿಂದ ತಾರಕ್ಕೆ ಏರುತ್ತವೆ. ಯುಕುಲೇಲೆಯಲ್ಲಿ ಮೊದಲ ಜಿ ತಂತಿಯೇ ತಾರದ್ದು, ಅದರ ಕೆಳಗಿನ ಸಿ ಎಲ್ಲಕ್ಕಿಂತ ತಗ್ಗಿನದ್ದು. ಈ ಕ್ರಮದಲ್ಲಿ ಸ್ಕೇಲ್ ನುಡಿಸಲು ಆಗದು, ಮಧ್ಯದಲ್ಲಿ ದಾರಿ ತಪ್ಪುತ್ತದೆ, ಹಾಗಾಗಿ ಜಿಯನ್ನು ಒಂದು ಸ್ಥಾಯಿ ಇಳಿಸಿದ ತಂತಿ ಹಾಕಿ ಎಂಬ ಸಲಹೆ ಎಲ್ಲೆಡೆ ಚಾಲ್ತಿಯಲ್ಲಿದೆ. ಹಾಕಿಕೊಳ್ಳುವವರು ಹಾಕಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಅದಿಲ್ಲದೆ ಆಗದು ಎನ್ನುವುದು ಮಾತ್ರ ಶುದ್ಧ ಸುಳ್ಳು.

ಸಿ ತಂತಿ ಬಿಟ್ಟು ಮೀಟಿ: ಸಿ. ಅದರ 2ನೇ ಫ್ರೆಟ್: ಡಿ. ಇ ತಂತಿ ಬಿಟ್ಟು: ಇ. ಅದರ 1ನೇ ಫ್ರೆಟ್: ಎಫ್. ಈಗ ಜಿ ಶಾರ್ಪ್ ಬೇಕು. ಇ ತಂತಿಯ ಮೇಲೆಯೇ ಹೋದರೆ 4ನೇ ಫ್ರೆಟ್‌ವರೆಗೆ ಕಿರುಬೆರಳು ಚಾಚಬೇಕು. ಆದರೆ ಆ ‘ತಲೆಕೆಳಗಾದ’ ಜಿ ತಂತಿಯ 1ನೇ ಫ್ರೆಟ್‌ನಲ್ಲಿ ಅದೇ ಜಿ ಶಾರ್ಪ್, ಅದೇ ಸ್ಥಾಯಿಯಲ್ಲಿ, ತೋರುಬೆರಳಿಗೆ ಎಟುಕುವಲ್ಲಿ ಕಾದಿದೆ. ಮುಂದೆ ಎ ತಂತಿ ಬಿಟ್ಟು ಎ, 2ನೇ ಫ್ರೆಟ್ ಬಿ, 3ನೇ ಫ್ರೆಟ್ ಸಿ. ಸಿ ಇಂದ ಸಿವರೆಗೆ ಇಡೀ ಸ್ಕೇಲಿನ ಸ್ವರಗಳು ಮೊದಲ ಮೂರು ಫ್ರೆಟ್‌ಗಳೊಳಗೆ ಮುಗಿದವು. ಯಾವ ತಂತಿ ಈ ಸ್ಕೇಲಿಗೆ ಅಡ್ಡಿ ಎಂದು ದೂರುತ್ತಾರೋ ಅದೇ ತಂತಿ ಅದರ ಅತಿ ಮುಖ್ಯ ಸ್ವರವನ್ನು ಅತಿ ಸುಲಭದ ಜಾಗದಲ್ಲಿ ಇಟ್ಟುಕೊಟ್ಟಿದೆ. ಇದಕ್ಕಿಂತ ಹೆಚ್ಚಿನದೂ ಇದೆ. ಎಫ್ ಒಂದು ತಂತಿಯ ಮೇಲೆ, ಜಿ ಶಾರ್ಪ್ ಇನ್ನೊಂದರ ಮೇಲೆ, ಎ ಮತ್ತೊಂದರ ಮೇಲೆ ಇರುವುದರಿಂದ ಹಿಂದಿನ ಸ್ವರ ಸಾಯುವ ಮುನ್ನ ಮುಂದಿನದು ಹುಟ್ಟುತ್ತದೆ, ಮೂರೂ ಒಂದರ ಮೇಲೊಂದು ಅನುರಣಿಸುತ್ತವೆ. ಈ ವಿಧಾನಕ್ಕೆ ಕಂಪನೆಲ್ಲಾ ಎನ್ನುತ್ತಾರೆ. ಸ್ಪೇನಿನ ಗಾಸ್ಪರ್ ಸಾಂಜ್ 1674ರಲ್ಲಿ ಜರಗೋಜಾದಲ್ಲಿ ಪ್ರಕಟಿಸಿದ ಗಿಟಾರ್ ಬೋಧಿನಿಯಲ್ಲಿ ಇದು ಬರುತ್ತದೆ. ಆಗಿನ ಗಿಟಾರಿನ ಶ್ರುತಿಯೂ ಹೀಗೇ ಏರುಪೇರಿನದು. ನಮ್ಮ ಕಾಲದಲ್ಲಿ ಅಮೆರಿಕದ ಜಾನ್ ಕಿಂಗ್ ಇದೇ ವಿಧಾನದಲ್ಲಿ ಯುಕುಲೇಲೆಯ ಮೇಲೆ ಬಾಖ್‌ನ ಕೃತಿಗಳನ್ನು ನುಡಿಸಿ ತೋರಿಸಿದರು, ಮೇಲಿನ ಜಿಯನ್ನು ತೆಗೆಯದೆ.

ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಒಂದೇ ಓಟದಲ್ಲಿ ನುಡಿಸಬೇಕು ಎನ್ನುವವರು ಡಿ ಹಾರ್ಮೋನಿಕ್ ಮೈನರ್ ಹಿಡಿಯಲಿ. ಸಿ ತಂತಿಯ 2ರಲ್ಲಿ ಡಿ, ಇ ತಂತಿ ಬಿಟ್ಟು ಇ, ಅದರ 1ರಲ್ಲಿ ಎಫ್, ಜಿ ತಂತಿ ಬಿಟ್ಟು ಜಿ, ಎ ತಂತಿ ಬಿಟ್ಟು ಎ, ಅದರ 1ರಲ್ಲಿ ಬಿ ಫ್ಲಾಟ್, 4ರಲ್ಲಿ ಸಿ ಶಾರ್ಪ್, 5ರಲ್ಲಿ ಡಿ. ಚಾಚಬೇಕಾದ್ದು 1ರಿಂದ 4ಕ್ಕೆ ಒಂದೇ ಕಡೆ. ಸೊಪ್ರಾನೋ ಯುಕುಲೇಲೆಯಲ್ಲಿ ತಂತಿಯ ಮೀಟುವ ಉದ್ದ ಸುಮಾರು 35 ಸೆಂ.ಮೀ.; ಆ ಎರಡು ಫ್ರೆಟ್‌ಗಳ ನಡುವಿನ ದೂರ 5 ಸೆಂ.ಮೀ. ಆಸುಪಾಸು. 65 ಸೆಂ.ಮೀ. ಉದ್ದದ ಕ್ಲಾಸಿಕಲ್ ಗಿಟಾರಿನಲ್ಲಿ ಅದೇ ಚಾಚು 10 ಸೆಂ.ಮೀ. ಹತ್ತಿರ ಬರುತ್ತದೆ. ಮಗುವಿನ ಕೈಗೆ ಈ ಸ್ಕೇಲ್ ಎಲ್ಲಿ ಸುಲಭ? ದೊಡ್ಡ ವಾದ್ಯಕ್ಕೆ ಹೋದಮೇಲೆ ಕಲಿ ಎನ್ನುವವರು ಒಂದು ಅಳತೆಪಟ್ಟಿ ಹಿಡಿದು ನೋಡಲಿ. ಪಿಯಾನೋ ಕಲಿಯುವ ಮಗುವಿಗೆ ಮೊದಲ ಗ್ರೇಡಿನ ಹೊತ್ತಿಗೇ ಮೈನರ್ ಸ್ಕೇಲ್ ಹೇಳಿಕೊಡುತ್ತಾರೆ. ಯುಕುಲೇಲೆಯ ಮಗುವಿಗೆ ಮಾತ್ರ ಅದನ್ನು ನಿರಾಕರಿಸಲು ಕಾರಣ ಸಂಗೀತದಲ್ಲಿ ಇಲ್ಲ. ಈ ವಾದ್ಯದ ಮೇಲಿನ ತಾತ್ಸಾರದಲ್ಲಿದೆ.

ಆ ತಾತ್ಸಾರಕ್ಕೆ ಚರಿತ್ರೆ ಇದೆ, ಮತ್ತು ಅದು ತೀರಾ ಹಳೆಯದಲ್ಲ. ಯುಕುಲೇಲೆಯ ತಾಯಿ ಪೋರ್ಚುಗಲ್‌ನ ಮದೀರಾ ದ್ವೀಪದ ಮಶೇಟ್ ಎಂಬ ನಾಲ್ಕು ತಂತಿಯ ವಾದ್ಯ. ಅದನ್ನು ಅಲ್ಲಿ ರಾಗ ನುಡಿಸಲು ಬಳಸುತ್ತಿದ್ದರು. ಕಾಂದಿದು ದ್ರುಮೊಂದ್ ದ ವಸ್ಕೊನ್ಸೆಲುಸ್ ಎಂಬ ಮದೀರಾದ ವಾದಕ ಅದಕ್ಕಾಗಿಯೇ ಬರೆದ ಕೃತಿಗಳ 1846ರ ಹಸ್ತಪ್ರತಿ ಉಳಿದಿದೆ. ಅಲ್ಲಿ ಮಶೇಟ್‌ನದು ಮುಖ್ಯ ದನಿ, ಗಿಟಾರಿನದು ಪಕ್ಕವಾದ್ಯ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಮದೀರಾದ ಕೂಲಿಕಾರರು ಹೊನೊಲುಲುವಿಗೆ ಬಂದರು. ಅವರಲ್ಲಿದ್ದ ಮರಗೆಲಸದವರು, ಮನುಯೆಲ್ ನುನೆಸ್, ಜುಜೆ ದು ಇಶ್ಪಿರಿತು ಸಾಂತು, ಆಗುಸ್ತು ದಿಯಾಸ್, ಅಲ್ಲೇ ವಾದ್ಯ ತಯಾರಿಸತೊಡಗಿದರು. ದೊರೆ ಕಲಾಕೌವ ಅದನ್ನು ಅರಮನೆಗೆ ಕರೆಸಿಕೊಂಡ. ಹವಾಯಿಯಲ್ಲಿ ಅದಕ್ಕೆ ರಾಜಮರ್ಯಾದೆ ಇತ್ತು.

1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ಹವಾಯಿ ಮಂಟಪದಲ್ಲಿ ಅದನ್ನು ಕೇಳಿದ ಅಮೆರಿಕ ಮರುಳಾಯಿತು. ಮುಂದಿನ ದಶಕದಲ್ಲಿ ಹಾಡಿನ ಹಾಳೆಗಳ ಮೇಲೆ ಯುಕುಲೇಲೆಯ ಕಾರ್ಡ್ ಚಿತ್ರಗಳು ಅಚ್ಚಾಗತೊಡಗಿದವು. ಚುಕ್ಕಿ ನೋಡಿ ಬೆರಳಿಟ್ಟರೆ ಯಾರು ಬೇಕಾದರೂ ಹಾಡಿಗೆ ಜೊತೆ ಕೊಡಬಹುದು. ಅದಕ್ಕಾಗಿ ಪ್ರಕಾಶಕರನ್ನು ಒಪ್ಪಿಸಿದ ಮೇ ಸಿಂಗಿ ಬ್ರೀನ್, ಯುಕುಲೇಲೆಯನ್ನು ನಿಜವಾದ ವಾದ್ಯವೆಂದು ಒಪ್ಪಿಕೊಳ್ಳಿ ಎಂದು ಸಂಗೀತಗಾರರ ಸಂಘದೊಡನೆ ಹೋರಾಡಿದವರೂ ಹೌದು. ಆಕೆಯ ಚುಕ್ಕಿಚಿತ್ರ ಉಳಿಯಿತು, ಆಕೆಯ ಹೋರಾಟ ಮರೆತುಹೋಯಿತು. 1949ರಲ್ಲಿ ಮಾರಿಯೊ ಮಕ್ಕಫೆರಿಯ ಪ್ಲಾಸ್ಟಿಕ್ ಯುಕುಲೇಲೆ ಬಂದು ಲಕ್ಷಗಟ್ಟಲೆ ಮಾರಾಟವಾದ ಮೇಲೆ ಆಟಿಕೆ ಎಂಬ ಹಣೆಪಟ್ಟಿ ಗಟ್ಟಿಯಾಯಿತು. ಆ ಹೊತ್ತಿಗೆ ಹವಾಯಿಯಲ್ಲೇ ಎಡ್ಡಿ ಕಮಾಯೆ ನಾಲ್ಕೂ ತಂತಿಗಳಲ್ಲಿ ರಾಗವನ್ನೂ ಕಾರ್ಡನ್ನೂ ಒಟ್ಟಿಗೆ ಮೀಟುವ ಶೈಲಿ ಕಟ್ಟುತ್ತಿದ್ದರು, ಅವರಿಂದ ಹರ್ಬ್ ಓಹ್ಟಾ ಕಲಿತರು. ಇಂದು ಜೇಕ್ ಶಿಮಾಬುಕುರೋ ಜಗತ್ತಿನ ವೇದಿಕೆಗಳಲ್ಲಿ ನುಡಿಸುತ್ತಾರೆ. ನಾಲ್ಕು ಕಾರ್ಡ್ ಸಾಕು ಎಂಬ ಮಾತು ಹುಟ್ಟಿದ್ದು ಮಾರುಕಟ್ಟೆಯಲ್ಲಿ. ವಾದ್ಯದ ಸ್ವಭಾವದಿಂದ ಅದು ಹುಟ್ಟಲಿಲ್ಲ. ಮಾರುವವರ ಮಾತನ್ನು ಕಲಿಸುವವರು ತಮ್ಮದನ್ನಾಗಿ ಮಾಡಿಕೊಂಡದ್ದೇ ಅನರ್ಥಕ್ಕೆ ಕಾರಣ.

ಪುಟ್ಟ ವಾದ್ಯ, ನಾಲ್ಕೇ ತಂತಿ ಎಂಬ ತಾತ್ಸಾರವನ್ನು ನಾವು ದಕ್ಷಿಣದವರು ಒಪ್ಪಿಕೊಳ್ಳುವುದು ಇನ್ನೂ ವಿಚಿತ್ರ. ವೀಣೆಯಲ್ಲಿ ರಾಗ ನುಡಿಸುವ ತಂತಿಗಳು ನಾಲ್ಕೇ. ಪಿಟೀಲಿಗೂ ನಾಲ್ಕೇ. ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ದೊಡ್ಡ ಸಭೆಗೆ ನಾದ ಸಾಲದೆಂದು, ಸ್ವರ ಸಾಲದೆಂದಲ್ಲ. ಮ್ಯಾಂಡೊಲಿನ್ ಶ್ರೀನಿವಾಸ್ ಅವರ ಬಗ್ಗೆಯೂ ಮೊದಮೊದಲು ಇದೇ ಮಾತಿತ್ತು: ಇಷ್ಟು ಚಿಕ್ಕ ವಾದ್ಯ, ಇಷ್ಟು ಗಿಡ್ಡ ತಂತಿ, ಇದರಲ್ಲಿ ಎಲ್ಲಿಯ ಗಮಕ? ಅವರ ಗುರು ರುದ್ರರಾಜು ಸುಬ್ಬರಾಜು ಗಾಯಕರು, ಮ್ಯಾಂಡೊಲಿನ್ ನುಡಿಸುವವರಲ್ಲ. ಗುರು ಹಾಡುವರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕುವನು. ಪಾಠ ನಡೆದದ್ದು ಹಾಗೆ.

ಈ ಪಾಠಕ್ರಮವನ್ನು ನೆನಪಿಸಿದ್ದು ಸುಮ್ಮನೆ ಅಲ್ಲ. ಸ್ಕೇಲ್ ಕಲಿಸಿದರೆ ಮಕ್ಕಳು ಬಿಟ್ಟುಹೋಗುತ್ತಾರೆ ಎಂಬ ಆಕ್ಷೇಪದಲ್ಲಿ ಒಂದಂಶ ನಿಜವಿದೆ. ಈಗ ಸ್ಕೇಲ್ ಕಲಿಸುವ ಕೆಲವರು ಅದನ್ನು ಕಲಿಸುವ ರೀತಿ ನೋಡಿದರೆ ಬಿಟ್ಟುಹೋಗದಿದ್ದರೇ ಆಶ್ಚರ್ಯ. ಒಂದು ಹಾಳೆ ಕೊಡುತ್ತಾರೆ, ಅದರಲ್ಲಿ ನಾಲ್ಕು ಗೆರೆ, ಗೆರೆಗಳ ಮೇಲೆ ಅಂಕಿ. ಮೆಟ್ರೊನೋಮ್ ಹಚ್ಚಿ, ಅಂಕಿ ನೋಡಿ ಬೆರಳಿಡು, ಏರು, ಇಳಿ, ನಾಳೆ ವೇಗ ಹೆಚ್ಚಿಸು. ಹೀಗೆ ಕಲಿತ ವಿದ್ಯಾರ್ಥಿಯನ್ನು ಮಧ್ಯದಲ್ಲಿ ತಡೆದು, ನೀನೀಗ ಯಾವ ಸ್ವರದ ಮೇಲಿದ್ದೀಯ ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ. ಹಾಳೆಯಿಲ್ಲದೆ ಇನ್ನೊಂದು ಸ್ವರದಿಂದ ಅದೇ ಸ್ಕೇಲ್ ಶುರುಮಾಡು ಎನ್ನಿ, ಕೈ ನಿಲ್ಲುತ್ತದೆ. ಆ ವಿದ್ಯಾರ್ಥಿ ಕಲಿತದ್ದು ಒಂದು ವ್ಯಾಯಾಮ. ಸ್ಕೇಲ್ ಬೇಡ ಎನ್ನುವವರನ್ನೂ, ಸ್ಕೇಲನ್ನು ಅಂಕಿಗಳ ಕಂಠಪಾಠ ಮಾಡಿದವರನ್ನೂ ನಾನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತೇನೆ. ಇಬ್ಬರಿಗೂ ಮಗುವಿನ ಕಿವಿಯ ಮೇಲೆ ನಂಬಿಕೆಯಿಲ್ಲ.

ತಂದೆತಾಯಿಗಳ ಒತ್ತಡವೂ ಸುಳ್ಳಲ್ಲ. ‘ಸರ್, ಅವಳು ಬರ್ತ್‌ಡೇಗೆ ಒಂದು ಹಾಡು ನುಡಿಸಿದರೆ ಸಾಕು, ಸಂಗೀತ ಶಾಸ್ತ್ರ ಎಲ್ಲ ಬೇಡ’ ಎಂದು ಫೀಸು ಕಟ್ಟುವಾಗಲೇ ಹೇಳಿ ಹೋಗುವವರಿದ್ದಾರೆ. ಅವರಿಗೆ ಮೇಷ್ಟರು ಹೇಳಬೇಕಾದ ಉತ್ತರ, ‘ಹಾಡೇ ನುಡಿಸುತ್ತಾಳಮ್ಮ, ಆ ಹಾಡಿನಲ್ಲೇ ಇದೆ’ ಎಂದು. ಏಕೆಂದರೆ ನಿಜವಾಗಿಯೂ ಹಾಡಿನಲ್ಲೇ ಇದೆ. ಬೀಥೋವನ್‌ನ ಫ್ಯೂರ್ ಎಲೀಸ್ ಅನ್ನು ಮಕ್ಕಳು ಮೊಬೈಲ್ ರಿಂಗ್‌ಟೋನ್‌ಗಳಲ್ಲಿ, ಆಟದ ಸಾಮಾನುಗಳಲ್ಲಿ ಕೇಳಿ ಬೆಳೆದಿರುತ್ತಾರೆ. ಅದರ ಮೊದಲ ಸಾಲು ಎ ಮೈನರ್ ಮೇಲೆ ಇಳಿದ ಮೇಲೆ ಇ, ಜಿ ಶಾರ್ಪ್, ಬಿ ಎಂದು ಹತ್ತುತ್ತದೆ. ಆ ಮೂರು ಸ್ವರ ಇ ಸೆವೆನ್‌ನ ಒಳಗಿನವೇ. ಅದನ್ನು ನುಡಿಸಲು ಹೊರಟ ಮಗು ಜಿ ಶಾರ್ಪ್ ಬದಲು ಜಿ ಹಾಕಿದರೆ ಪಕ್ಕದ ಕೋಣೆಯಲ್ಲಿರುವ ಅಜ್ಜಿಗೂ ತಪ್ಪು ತಿಳಿಯುತ್ತದೆ. ಕೆನಡಾದ ಹ್ಯಾಲಿಫ್ಯಾಕ್ಸ್‌ನ ಶಾಲೆಗಳಲ್ಲಿ ಚಾಮರ್ಸ್ ಡೋನ್ ಎಂಬ ಶಿಕ್ಷಕ 1960ರ ದಶಕದ ಕೊನೆಯಿಂದ ಯುಕುಲೇಲೆಯನ್ನೇ ಸಂಗೀತ ಶಿಕ್ಷಣದ ಸಾಧನ ಮಾಡಿಕೊಂಡರು. ಸಾಮಾನ್ಯ ಶಾಲೆಯ ಮಕ್ಕಳು, ಗುಂಪಿನಲ್ಲಿ ಕೂತು, ಹಾಡುತ್ತ, ಸ್ವರಲಿಪಿ ಓದುತ್ತ, ರಾಗವನ್ನು ಮೀಟುತ್ತ ಕಲಿತರು. ಆ ಕ್ರಮ ಕೆನಡಾದ ಬೇರೆ ಊರುಗಳಿಗೂ ಹಬ್ಬಿತು. ಅಲ್ಲಿ ಆದದ್ದು ಇಲ್ಲಿ ಆಗದೇ ಇರಲು ನನಗೆ ಕಾರಣ ಕಾಣುವುದಿಲ್ಲ. ಸ್ವರಜ್ಞಾನದಲ್ಲಿ ನಮ್ಮ ಮಕ್ಕಳಿಗೆ ಸರಳೆ ವರಸೆಯ ಬಲ ಬೇರೆ ಇದೆ.

ಅಗ್ಗದ ವಾದ್ಯದಲ್ಲಿ ಮೇಲಿನ ಫ್ರೆಟ್‌ಗಳು ಶ್ರುತಿಯಲ್ಲಿ ನಿಲ್ಲುವುದಿಲ್ಲ ಎನ್ನುವ ತಕರಾರು ನ್ಯಾಯವಾದದ್ದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಆಗಬೇಕು. ಬೇರೆಯಾದರೆ ಆ ವಾದ್ಯದಲ್ಲಿ 11ನೇ ಫ್ರೆಟ್‌ನ ನಿಷಾದವೂ ಸುಳ್ಳು ಹೇಳುತ್ತದೆ. ಅಂಥ ವಾದ್ಯದವರು ಮೊದಲ ಮೂರು ಫ್ರೆಟ್‌ಗಳ ದಾರಿಯನ್ನೇ ಹಿಡಿಯಲಿ, ಮಗುವಿನ ಕಿವಿ ಕೆಡಿಸುವುದು ಬೇಡ. ಇದು ವಾದ್ಯ ಕೊಳ್ಳುವಾಗ ನೋಡಬೇಕಾದ ವಿಷಯ, ಪಾಠ ಮುಂದೂಡಲು ನೆಪವಲ್ಲ.

ತರಗತಿ ನಡೆಸುವವರಿಗೆ ನನ್ನ ಒತ್ತಾಯ ಇದು. ಎ ಮೈನರ್, ಡಿ ಮೈನರ್, ಇ ಸೆವೆನ್ ಮೂರೂ ಕೈಗೆ ಬಂದ ವಾರವೇ ಹೊಸ ಕಾರ್ಡ್ ಕೊಡುವುದನ್ನು ನಿಲ್ಲಿಸಿ. ಮೂರರ ಸ್ವರಗಳನ್ನೂ ಮಗು ತಾನೇ ಒಂದೊಂದು ತಂತಿ ಮೀಟಿ ಪಟ್ಟಿ ಮಾಡಲಿ. ಪಟ್ಟಿಯನ್ನು ಎ ಇಂದ ಜೋಡಿಸಿ ಹಾಡಲಿ, ಆಮೇಲೆ ನುಡಿಸಲಿ. ಇ ಮೈನರ್ ಹಾಕಿ ಒಮ್ಮೆ, ಇ ಸೆವೆನ್ ಹಾಕಿ ಒಮ್ಮೆ ಕೇಳಿ ವ್ಯತ್ಯಾಸವನ್ನು ತನ್ನ ಮಾತಿನಲ್ಲಿ ಹೇಳಲಿ. ಅದಾದಮೇಲೆ ಡಿ ಮೈನರ್, ಜಿ ಮೈನರ್, ಎ ಸೆವೆನ್ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ಎ ಸೆವೆನ್‌ಗೆ ಒತ್ತಬೇಕಾದ್ದು ಒಂದೇ ಬೆರಳು, ಸಿ ತಂತಿಯ 1ನೇ ಫ್ರೆಟ್ ಮೇಲೆ. ಆ ಬೆರಳು ಯಾವ ಸ್ವರವನ್ನು ಒತ್ತಿದೆ, ಅದು ಎಲ್ಲಿಗೆ ಹೋಗಲು ಹವಣಿಸುತ್ತಿದೆ ಎಂದು ಮಗುವನ್ನೇ ಕೇಳಿ.